ಅರ್ಧ ಬಿಟ್ಟ ಹ್ಯಾಂಡ್‌ಬ್ರೇಕ್: ಮಾಡಬೇಕಾದ್ದು, ಮಾಡಬಾರದ್ದು

ಸರ್ಜಾಪುರ, ದೊಮ್ಮಸಂದ್ರ, ಅತ್ತಿಬೆಲೆ ಸುತ್ತಮುತ್ತಲ ಕಾರು ಮಾಲೀಕರು, ಬಾಡಿಗೆ ಚಾಲಕರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು, ಹೊಸದಾಗಿ ಕಾರು ಕಲಿಯುತ್ತಿರುವವರು, ಎಲ್ಲರ ಗಮನಕ್ಕೆ.

ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೆ ಕಾರು ಹೊರಡುವುದೇ ಕಷ್ಟ. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಮುಗ್ಗರಿಸಿ ಆಫ್ ಆಗುತ್ತದೆ, ಪಕ್ಕದಲ್ಲಿ ಕೂತವರು ನಗುತ್ತಾರೆ, ಲಿವರ್ ಕೆಳಗಿಳಿಯುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಗ್ಯಾರೇಜಿಗೆ ಹೊಗೆಯಾಡುತ್ತ ಬರುವುದು ಆ ಕಾರಲ್ಲ. ಒಂದೋ ಎರಡೋ ಹಲ್ಲು ಮೇಲೆಯೇ ಉಳಿದ ಲಿವರ್ ಇಟ್ಟುಕೊಂಡು, "ಇವತ್ತು ಗಾಡಿ ಯಾಕೋ ಪಿಕಪ್ ತಗೊಳ್ತಿಲ್ಲ" ಅನ್ನುತ್ತಲೇ ದೊಮ್ಮಸಂದ್ರದಿಂದ ಬೆಳ್ಳಂದೂರಿನವರೆಗೆ ಓಡಿದ ಕಾರು ಅದು. ಅರ್ಧ ಬಿಟ್ಟ ಬ್ರೇಕು ಪೂರ್ತಿ ಹಾಕಿದ ಬ್ರೇಕಿಗಿಂತ ಕೆಟ್ಟದ್ದು. ಕೆಳಗಿನ ಸೂಚನೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ನಮ್ಮ ರಸ್ತೆ ಇದನ್ನು ಮುಚ್ಚಿಡುತ್ತದೆ

ಬೆಂಗಳೂರಿನ ಸರ್ಜಾಪುರ ರಸ್ತೆ: ಕೊಡತಿ, ಕಾರ್ಮೆಲರಾಂ, ವಿಪ್ರೊ ಕಚೇರಿ, ಇಬ್ಬಲೂರು ಜಂಕ್ಷನ್. ಕಚೇರಿ ಹೊತ್ತಿನಲ್ಲಿ ಈ ದಾರಿಯಲ್ಲಿ ಎರಡನೇ ಗೇರಿಗೆ ಹೋದರೆ ಅದೇ ದೊಡ್ಡದು. ಗಾಡಿ ಭಾರವಾಗಿದೆ ಅನ್ನಿಸಿದರೆ ಯಾರೂ ಗಾಡಿಯನ್ನು ಅನುಮಾನಿಸುವುದಿಲ್ಲ, ಟ್ರಾಫಿಕ್ಕನ್ನು ಬೈಯುತ್ತಾರೆ. ಸುಟ್ಟ ವಾಸನೆ ಬಂದರೆ ಮುಂದೆ ಹೋಗುತ್ತಿರುವ ಟಿಪ್ಪರ್‌ನದ್ದು ಅಂದುಕೊಂಡು ಕಿಟಕಿ ಏರಿಸುತ್ತಾರೆ. ಬೆಳಿಗ್ಗೆ ಸರ್ಜಾಪುರದ ಕಡೆಯಿಂದ ನಗರಕ್ಕೆ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಹಿಂಬದಿ ಗಾಜಿನಿಂದ ಬಂದ ಬಿಸಿಲು ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಾಗ ಕೆಂಪು ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಬೀಪ್ ಬರುತ್ತದಲ್ಲ ಅನ್ನಬಹುದು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಬೀಪ್, ವೇಗ 80 ದಾಟಿದರೆ ಬೀಪ್, ರಿವರ್ಸ್ ಹೋಗುವಾಗ ಬೀಪ್ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟದ್ದಕ್ಕೂ ಕಾರು ಕೂಗತೊಡಗಿದ ಮೇಲೆ ಕಿವಿ ಎಲ್ಲ ಬೀಪನ್ನೂ ಒಂದೇ ಎಂದು ತಳ್ಳಿಬಿಡುತ್ತದೆ. ಇನ್ನು ಹಳೆಯ ಕಾರುಗಳಲ್ಲಿ, ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಹ್ಯಾಂಡ್‌ಬ್ರೇಕಿಗೆ ದೀಪವೊಂದೇ ಇರುವುದುಂಟು, ಶಬ್ದವಿಲ್ಲ.

ನಿಧಾನವಾಗಿ ತೆವಳುವಾಗ ಬಿಸಿ ಕಡಿಮೆ. ಅಪಾಯ ಇರುವುದು ರಸ್ತೆ ಖಾಲಿಯಾದಾಗ. ಹಿಂದಿನ ಚಕ್ರಗಳನ್ನು ಬ್ರೇಕು 300 ನ್ಯೂಟನ್ ಬಲದಲ್ಲಿ ಹಿಡಿದುಕೊಂಡಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಇದು ದೊಡ್ಡ ಬಲವಲ್ಲ, ಎಂಜಿನ್ ಇದನ್ನು ಸುಲಭವಾಗಿ ಎಳೆದುಕೊಂಡು ಹೋಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟರಿಂದಲೇ ಹುಟ್ಟುವ ಶಾಖ ಮೂರು ಕಿಲೋವ್ಯಾಟಿಗೂ ಹೆಚ್ಚು, ಅಂದರೆ ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ಪೂರ್ತಿ ಕಾವಿಗೆ ಇಟ್ಟು ಹಿಂದಿನ ಚಕ್ರಗಳ ಎರಡು ಬ್ರೇಕ್ ಡ್ರಮ್‌ಗಳೊಳಗೆ ಮುಚ್ಚಿಟ್ಟ ಹಾಗೆ. ವೇಗ 80 ಆದರೆ ಅದು ಇಮ್ಮಡಿ. ದೊಮ್ಮಸಂದ್ರ ದಾಟಿ ಸರ್ಜಾಪುರದತ್ತ ರಸ್ತೆ ಬಿಡುವಾದಾಗ, ಅತ್ತಿಬೆಲೆಗೆ ಹೋಗಿ ಹೊಸೂರು ಹೆದ್ದಾರಿ ಹತ್ತಿದಾಗ, ಅದಕ್ಕೂ ಮೇಲಾಗಿ ಎಲೆಕ್ಟ್ರಾನಿಕ್ ಸಿಟಿಯ ಸುಮಾರು 10 ಕಿ.ಮೀ. ಮೇಲುರಸ್ತೆಯಲ್ಲಿ ನಿಲ್ಲಿಸಲು ಜಾಗವಿಲ್ಲದೆ ಓಡುವಾಗ ಡ್ರಮ್ ಕಾದು ಹೋಗುತ್ತದೆ. ಮೇಲುರಸ್ತೆ ಹತ್ತುವ ಮೊದಲೇ ಅನುಮಾನ ಬಂದಿದ್ದರೆ ಹತ್ತಬೇಡಿ. ಕೆಳಗಿನ ರಸ್ತೆಯಲ್ಲಿ ತಡವಾಗುತ್ತದೆ, ಆಗಲಿ.

ಯಾವ ಕಾರು ಎಂಬುದೂ ಮುಖ್ಯ. ಡಿಜೈರ್, ಎರ್ಟಿಗಾದಂಥವುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನವನ್ನು. ಮುಂದಿನವು ಎಳೆಯುತ್ತವೆ, ಹಿಂದಿನವು ಒರೆಸಿಕೊಂಡು ಬರುತ್ತವೆ, ಸ್ಟಿಯರಿಂಗ್ ಹಿಡಿದವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಇನ್ನೊವಾ ಕ್ರಿಸ್ಟಾ, ಈಕೊ, ಬೊಲೆರೊ ಹಿಂದಿನ ಚಕ್ರದಿಂದ ಓಡುವ ಗಾಡಿಗಳು. ಅವುಗಳಲ್ಲಿ ಎಂಜಿನ್ ತಿರುಗಿಸಬೇಕಾದ ಚಕ್ರವನ್ನೇ ಬ್ರೇಕು ಹಿಡಿದಿರುವುದರಿಂದ ಹೊರಡುವಾಗಲೇ ಗಾಡಿ ತಡವರಿಸಿ ದೂರು ಹೇಳುತ್ತದೆ. ಟ್ಯಾಕ್ಸಿ ಬದಲಾಯಿಸಿಕೊಂಡು ಈಕೊದಿಂದ ಡಿಜೈರ್‌ಗೆ ಬಂದ ಚಾಲಕರು ಆ ಹಳೆಯ ದೂರನ್ನು ನಂಬಿ ಕೂರಬಾರದು.

ಹೊರಡುವ ಮೊದಲು

ಲಿವರ್ ಇಳಿಸುವ ರೀತಿ ಒಂದೇ. ಮೊದಲು ಸ್ವಲ್ಪ ಮೇಲಕ್ಕೆ ಎಳೆಯಿರಿ, ಆಗ ಹಲ್ಲಿನ ಮೇಲಿನ ಭಾರ ಹೋಗುತ್ತದೆ. ತುದಿಯ ಗುಂಡಿ ಒತ್ತಿ. ಒತ್ತಿಕೊಂಡೇ ನೆಲ ಮುಟ್ಟುವವರೆಗೆ ಇಳಿಸಿ. ಎಳೆಯದೆ ಗುಂಡಿಯನ್ನಷ್ಟೇ ಬಲವಾಗಿ ಒತ್ತುವುದು, ಅರ್ಧ ದಾರಿಯಲ್ಲಿ ಗುಂಡಿ ಬಿಟ್ಟುಬಿಡುವುದು, ಇವೆರಡರಿಂದಲೇ ಲಿವರ್ ಕೊನೆಯ ಹಲ್ಲಿನಲ್ಲಿ ನಿಂತುಬಿಡುತ್ತದೆ. ವಯಸ್ಸಾದವರಿಗೆ, ಬೆರಳು ನೋವಿರುವವರಿಗೆ ಇದು ಹೆಚ್ಚು. ಮನೆಯಲ್ಲಿ ಯಾರೋ ಬಲವಂತರು ಹತ್ತು ಹಲ್ಲು ಮೇಲಕ್ಕೆ ಎಳೆದು ಹೋಗಿರುತ್ತಾರೆ. ಮಾರನೆಯ ದಿನ ಅಮ್ಮನಿಗೋ ಮಾವನವರಿಗೋ ಅದನ್ನು ಪೂರ್ತಿ ಇಳಿಸಲು ಆಗುವುದಿಲ್ಲ. ಎಷ್ಟು ಹಲ್ಲು ಎಳೆದರೆ ಸಾಕು ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಬಹಳ ಹೆಚ್ಚು ಎಳೆದರೆ ಮಾತ್ರ ಹಿಡಿಯುತ್ತದೆ ಎಂದಾದರೆ ಕೇಬಲ್ ಅಥವಾ ಲೈನರ್ ನೋಡಿಸುವ ಕಾಲ ಬಂದಿದೆ, ತೋಳ್ಬಲ ತೋರಿಸುವ ಕಾಲವಲ್ಲ.

ಲಿವರ್ ಸುತ್ತ ಏನೂ ಇಡಬೇಡಿ. ಆನ್‌ಲೈನಿನಲ್ಲಿ ತರಿಸಿದ ತೋಳೊರಗು, ಮೊಬೈಲ್ ಚಾರ್ಜರ್ ವೈರು, ನೀರಿನ ಬಾಟಲಿ, ಹ್ಯಾಂಡ್‌ಬ್ಯಾಗಿನ ಪಟ್ಟಿ, ದಪ್ಪ ಸೀಟ್ ಕವರ್, ಇವೆಲ್ಲ ಲಿವರ್ ಕೊನೆಯ ಅರ್ಧ ಇಂಚು ಇಳಿಯದಂತೆ ತಡೆಯುತ್ತವೆ. ಕಾರು ಹೊಸದು, ಕೇಬಲ್ ಸರಿಯಿದೆ, ಚಾಲಕರು ಅನುಭವಸ್ಥರು, ಆದರೂ ಬ್ರೇಕ್ ಕಾಯುತ್ತಿದೆ ಎಂದಾದರೆ ಮೊದಲು ನೋಡಬೇಕಾದ್ದು ತೋಳೊರಗಿನ ಕೆಳಭಾಗ.

ಕೆಂಪು ದೀಪ ನೋಡಿ. ವೃತ್ತದೊಳಗೆ ಆಶ್ಚರ್ಯಸೂಚಕ, ಅಥವಾ ವೃತ್ತದೊಳಗೆ ಇಂಗ್ಲಿಷಿನ "ಪಿ" ಅಕ್ಷರ. ಬಿಸಿಲಿದ್ದರೆ ಅಂಗೈ ಅಡ್ಡ ಹಿಡಿದು ನೋಡಿ. ಲಿವರ್ ಪೂರ್ತಿ ಇಳಿಸಿದ ಮೇಲೂ ದೀಪ ಆರದಿದ್ದರೆ "ಸೆನ್ಸರ್ ಹಾಳಾಗಿರಬೇಕು" ಎಂದು ಹೊರಡಬೇಡಿ. ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದರೂ ಇದೇ ದೀಪ ಉರಿಯುತ್ತದೆ. ಬಾನೆಟ್ ತೆಗೆದು ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಆಯಿಲ್ ಇದೆಯೇ ನೋಡುವುದು ಒಂದು ನಿಮಿಷದ ಕೆಲಸ. ಅದಕ್ಕೆ ತದ್ವಿರುದ್ಧವೂ ಉಂಟು: ಲಿವರ್ ಕೆಳಗಿನ ಸ್ವಿಚ್ ಜರುಗಿದ್ದರೆ ಒಂದು ಹಲ್ಲು ಮೇಲಿದ್ದಾಗಲೇ ದೀಪ ಆರಿಬಿಡುತ್ತದೆ. ಆದ್ದರಿಂದ ದೀಪ ಒಂದನ್ನೇ ನಂಬಬೇಡಿ, ಕೈಯಿಂದ ಲಿವರ್ ಮುಟ್ಟಿ ನೋಡಿ.

ಗೇಟಿನ ಹೊರಗೆ ಸಮತಟ್ಟು ಜಾಗ ಸಿಕ್ಕಲ್ಲಿ ನ್ಯೂಟ್ರಲ್‌ಗೆ ತಂದು ಒಂದೆರಡು ಮೀಟರ್ ಉರುಳಲು ಬಿಡಿ. ಸರಾಗವಾಗಿ ಉರುಳಿದರೆ ಸರಿ. ತಕ್ಷಣ ನಿಂತರೆ ಯಾವುದೋ ಚಕ್ರ ಹಿಡಿದಿದೆ.

ಓಡುತ್ತಿರುವಾಗ ಅನುಮಾನ ಬಂದರೆ

ಸುಟ್ಟ ಲೈನರ್ ವಾಸನೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ಇಳಿಯುವುದು, ಹಿಂದಿನ ಚಕ್ರದಿಂದ ಕಿರುಗುಟ್ಟುವ ಸದ್ದು, ಕನ್ನಡಿಯಲ್ಲಿ ಹೊಗೆ. ಇವುಗಳಲ್ಲಿ ಒಂದು ಸಾಕು.

ಮೊದಲು ಲಿವರ್ ಮೇಲೆ ಕೈಯಿಡಿ. ಎದ್ದಿದ್ದರೆ ಇಳಿಸಿ. ಹಜಾರ್ಡ್ ದೀಪ ಹಾಕಿ, ಎಡಕ್ಕೆ ಬನ್ನಿ, ಸುರಕ್ಷಿತ ಜಾಗದಲ್ಲಿ ನಿಲ್ಲಿ. ಒಣ ಹುಲ್ಲು, ಕಸದ ರಾಶಿ, ರಸ್ತೆ ಬದಿಯ ತರಗೆಲೆ ಇರುವಲ್ಲಿ ನಿಲ್ಲಬೇಡಿ. ಕಾದ ಡ್ರಮ್ಮಿನಿಂದ ಬೆಂಕಿ ಹತ್ತಲು ಅಷ್ಟು ಸಾಕು. ಪೆಟ್ರೋಲ್ ಬಂಕಿನೊಳಗೂ ನುಗ್ಗಬೇಡಿ. ಗಾಳಿ ತುಂಬಿಸುವ ಹುಡುಗ ಸಹಾಯ ಮಾಡುತ್ತಾನೆ ಎಂಬ ನಂಬಿಕೆಯಿಂದ ಹೊಗೆಯಾಡುವ ಕಾರನ್ನು ಬಂಕಿಗೇ ತರುವವರಿದ್ದಾರೆ.

ನಿಂತ ಮೇಲೆ ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿಯಿರಿ, ಟ್ರಾಫಿಕ್ ಕಡೆಗಲ್ಲ. ಹೊಗೆ ಕಂಡ ಗಾಬರಿಯಲ್ಲಿ ಬಾಗಿಲು ತೆಗೆದು ಹಾರುವುದು ಹೊಗೆಗಿಂತ ದೊಡ್ಡ ಅಪಾಯ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ಸಿಗೆ ಬೆಂಕಿ ಬಿದ್ದಿದೆ ಎಂಬ ಸುದ್ದಿ ಹಬ್ಬಿ ಪ್ರಯಾಣಿಕರು ಪಕ್ಕದ ಹಳಿಯ ಮೇಲೆ ಇಳಿದರು. ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಆ ಹಳಿಯಲ್ಲಿ ಬಂತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬ್ರೇಕು ಚಕ್ರಕ್ಕೆ ಕಚ್ಚಿಕೊಂಡೋ ಆಕ್ಸಲ್ ಕಾದೋ ಕಿಡಿ ಹಾರಿರಬಹುದು ಎಂದು ರೈಲ್ವೆ ಅಧಿಕಾರಿಗಳು ಮೊದಲು ಹೇಳಿದ್ದರು. ಕಚ್ಚಿದ ಬ್ರೇಕಿನ ಹೊಗೆ ನೋಡಲು ಬೆಂಕಿಯಂತೆಯೇ ಇರುತ್ತದೆ. ಹೆಚ್ಚಿನ ಸಲ ಅದು ಲೈನರ್ ಸುಡುವ ಹೊಗೆಯಷ್ಟೇ. ಇಳಿಯಬೇಕು, ಆದರೆ ಕಡೆ ನೋಡಿ ಇಳಿಯಬೇಕು.

ನಿಜವಾಗಿಯೂ ಜ್ವಾಲೆ ಕಂಡರೆ ಸಾಮಾನು ತೆಗೆಯಲು ಹಿಂದಿರುಗಬೇಡಿ. ದೂರ ನಿಂತು 112 ಅಥವಾ 101ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ 1033.

ನಿಲ್ಲಿಸಿದ ಮೇಲೆ ಮಾಡಬಾರದ್ದು

ನೀರು ಸುರಿಯಬೇಡಿ. ಈ ತಪ್ಪನ್ನು ಸಹಾಯ ಮಾಡಲು ಬಂದವರೇ ಮಾಡುತ್ತಾರೆ, ಅದೂ ಎರಡು ಬಾಟಲಿ ಹಿಡಿದು ಓಡಿ ಬಂದು. ಕೆಂಪಗೆ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡ್ರಮ್ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಎದ್ದ ಹಬೆ ಸುರಿದವರ ಕೈಮುಖಕ್ಕೇ ಹೊಡೆಯುತ್ತದೆ. ವಿನಯದಿಂದ ಬೇಡ ಎನ್ನಿ, ಒಪ್ಪದಿದ್ದರೆ ಅಡ್ಡ ನಿಲ್ಲಿ.

ಚಕ್ರ ಮುಟ್ಟಬೇಡಿ. ಅಂಗೈ ಹಿಂಬದಿಯನ್ನು ಒಂದು ಗೇಣು ದೂರ ಹಿಡಿದರೆ ಸಾಕು, ಕಾವು ತಿಳಿಯುತ್ತದೆ. ಎಡ, ಬಲ ಎರಡನ್ನೂ ಹೋಲಿಸಿ. ಎರಡೂ ಕಾದಿದ್ದರೆ ಲಿವರ್ ಕಾರಣ ಇರಬೇಕು. ಒಂದೇ ಕಾದಿದ್ದರೆ ಆ ಕಡೆಯ ಕೇಬಲ್ಲೋ ವೀಲ್ ಸಿಲಿಂಡರೋ ಕಚ್ಚಿಕೊಂಡಿದೆ, ಲಿವರ್ ಇಳಿಸಿದರೂ ಅದು ಬಿಟ್ಟಿರುವುದಿಲ್ಲ. (ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಗೇಟಿನ ಸೆಕ್ಯೂರಿಟಿ ಕ್ಯಾಬಿನ್ನಿನಲ್ಲಿ ಇನ್ನೂ ಇರುತ್ತದೆ. ಅದನ್ನು ಚಕ್ರಕ್ಕೆ ಹಿಡಿಯಬೇಡಿ. ಅದು ಮನುಷ್ಯರ ಜ್ವರದ ಮಟ್ಟ ದಾಟಿದ್ದನ್ನು ತೋರಿಸುವುದಿಲ್ಲ.)

ಕಾದ ಕಾರಿಗೆ ಮತ್ತೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದು ಹಿಗ್ಗಿದ ಡ್ರಮ್ ತಣ್ಣಗಾಗುತ್ತ ಕುಗ್ಗಿ ಶೂಗಳನ್ನು ಬಿಗಿಯಾಗಿ ಅಮುಕಿಕೊಳ್ಳುತ್ತದೆ, ಆಮೇಲೆ ಬಿಡುವುದೇ ಇಲ್ಲ. ಹಿಂದೆ ಡಿಸ್ಕ್ ಇರುವ ಕಾರಿನಲ್ಲಿ ಇದಕ್ಕೆ ವಿರುದ್ಧ: ತಣ್ಣಗಾದಂತೆ ಹಿಡಿತ ಸಡಿಲವಾಗಿ ಕಾರು ಇಳಿಜಾರಿನಲ್ಲಿ ಉರುಳಬಹುದು. ಎರಡಕ್ಕೂ ಉಪಾಯ ಒಂದೇ. ಸಮತಟ್ಟು ಜಾಗ, ಗೇರಿನಲ್ಲಿ ಕಾರು, ಚಕ್ರಕ್ಕೆ ಕಲ್ಲು.

ಐದು ನಿಮಿಷಕ್ಕೆ ಹೊರಡಬೇಡಿ. ಅರ್ಧ ಗಂಟೆಯಾದರೂ ಬಿಡಿ. ಹೊಗೆ ಬಂದಿದ್ದರೆ ಇನ್ನೂ ಹೆಚ್ಚು. ಮೀಟಿಂಗ್ ಕಾಯುತ್ತದೆ, ಕಾಯದಿದ್ದರೆ ಕಾರಿನ ಹೊರಗೆ ನಿಂತೇ ಫೋನಿನಲ್ಲಿ ಸೇರಿಕೊಳ್ಳಿ, ಈ ರಸ್ತೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಪೆಡಲ್ ಮೆತ್ತಗಾದರೆ

ಇದು ಈ ಸೂಚನೆಯ ಅತಿ ಮುಖ್ಯ ಭಾಗ, ಅವಸರವಿದ್ದವರು ಇದೊಂದನ್ನಾದರೂ ಓದಿ.

ಹ್ಯಾಂಡ್‌ಬ್ರೇಕ್ ಕೇಬಲ್ಲಿನಿಂದ ನಡೆಯುತ್ತದೆ, ಕಾಲಿನ ಬ್ರೇಕ್ ಆಯಿಲ್ಲಿನಿಂದ. ಹಾಗಾಗಿ ಒಂದು ಕೆಟ್ಟರೆ ಇನ್ನೊಂದಿದೆ ಎಂದು ಎಲ್ಲರೂ ನಂಬುತ್ತಾರೆ. ಆದರೆ ಹಿಂದೆ ಡ್ರಮ್ ಇರುವ ಕಾರಿನ ಹಿಂದಿನ ಚಕ್ರಗಳಲ್ಲಿ ಎರಡೂ ಕೆಲಸ ಮಾಡುವುದು ಅದೇ ಡ್ರಮ್ಮಿನೊಳಗಿನ ಅದೇ ಶೂಗಳ ಮೇಲೆ. ಡ್ರಮ್ ಕಾದರೆ ಪಕ್ಕದಲ್ಲೇ ಇರುವ ವೀಲ್ ಸಿಲಿಂಡರ್ ಕಾಯುತ್ತದೆ, ಅದರೊಳಗಿನ ಬ್ರೇಕ್ ಆಯಿಲ್ ಕಾಯುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗೆ ಮೇಲೆ, ಡಾಟ್ 4 ಆದರೆ 230ಕ್ಕೆ ಮೇಲೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಮೇಲೆ ಇರಬೇಕಾದ ಕನಿಷ್ಠ ಮಟ್ಟ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಇರುವ ಕಾರಿನಲ್ಲಿ ಆ ಕಾವು ದೂರದ ಮಾತಲ್ಲ. ಆಯಿಲ್ ಕುದಿದರೆ ಗುಳ್ಳೆ. ಗುಳ್ಳೆಯನ್ನು ಒತ್ತಬಹುದು, ಆಯಿಲ್ಲನ್ನು ಒತ್ತಲಾಗದು. ಕಾಲಿಟ್ಟರೆ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಬ್ರೇಕಿನ ಆಯಿಲ್ ದಾರಿ ಎರಡು ಭಾಗವಾಗಿರುತ್ತದೆ, ಒಂದು ಸೋರಿದರೆ ಇನ್ನೊಂದು ಉಳಿಯಲಿ ಎಂದು. ಮುಂದಿನ ಚಕ್ರದಿಂದ ಓಡುವ ಹೆಚ್ಚಿನ ಕಾರುಗಳಲ್ಲಿ ಈ ಭಾಗ ಅಡ್ಡಡ್ಡ: ಎಡ ಮುಂದಿನ ಚಕ್ರದ ಜೊತೆ ಬಲ ಹಿಂದಿನದು, ಬಲ ಮುಂದಿನದರ ಜೊತೆ ಎಡ ಹಿಂದಿನದು. ಸೋರಿಕೆಗೆ ಇದು ಜಾಣ ಏರ್ಪಾಡು. ಹ್ಯಾಂಡ್‌ಬ್ರೇಕ್ ಕಾದಾಗ ಮಾತ್ರ ಇದೇ ತಿರುಗುಬಾಣವಾಗುತ್ತದೆ, ಯಾಕೆಂದರೆ ಎರಡೂ ಹಿಂದಿನ ಚಕ್ರ ಕಾದಿರುತ್ತದೆ, ಎರಡೂ ದಾರಿಯಲ್ಲಿ ಗುಳ್ಳೆ ಏಳುತ್ತದೆ. "ಮುಂದಿನ ಡಿಸ್ಕ್ ಇದೆಯಲ್ಲ" ಎಂಬ ಧೈರ್ಯ ಬೇಡ.

ಪೆಡಲ್ ಕೆಳಗೆ ಹೋದರೆ ಆಕ್ಸಿಲರೇಟರ್ ಬಿಡಿ. ಪೆಡಲನ್ನು ಬೇಗ ಬೇಗ ತುಳಿಯಿರಿ, ಸ್ವಲ್ಪ ಹಿಡಿತ ಮರಳಬಹುದು. ಗೇರ್ ಒಂದೊಂದಾಗಿ ಇಳಿಸಿ, ಎಡಕ್ಕೆ ಬನ್ನಿ, ಹಾರ್ನ್ ಹೊಡೆಯುತ್ತಿರಿ. ಕೀ ತಿರುಗಿಸಿ ಎಂಜಿನ್ ಆಫ್ ಮಾಡಬೇಡಿ. ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರ್ ಸಹಾಯವೂ ಹೋಗುತ್ತದೆ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ, ಒಮ್ಮೆಲೇ ಜಗ್ಗಬೇಡಿ. ಮಳೆಯಲ್ಲಿ ಜಗ್ಗಿದರೆ ಕಾರಿನ ಹಿಂಭಾಗ ತಿರುಗಿ ನಿಲ್ಲುತ್ತದೆ.

ಇನ್ನೊಂದು ಮೋಸ ಇಲ್ಲಿದೆ. ನಿಲ್ಲಿಸಿದ ಕ್ಷಣದಲ್ಲಿ ಪೆಡಲ್ ಗಟ್ಟಿಯಾಗಿಯೇ ಇರಬಹುದು. ಗಾಳಿಯಾಡದೆ ನಿಂತ ಮೇಲೆ ಡ್ರಮ್ಮಿನ ಕಾವು ಸಿಲಿಂಡರಿಗೆ ಇಳಿಯುತ್ತಲೇ ಇರುತ್ತದೆ, ಹತ್ತು ನಿಮಿಷದ ಮೇಲೆ ಹೊರಟಾಗ ಪೆಡಲ್ ಮೆತ್ತಗಾಗಿರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಅದು ಮತ್ತೆ ಗಟ್ಟಿ. ಆಗ "ಸರಿಹೋಯ್ತು" ಎಂದು ಮನೆಗೆ ಹೋಗಿ ಮರೆಯುವವರೇ ಹೆಚ್ಚು. ಸರಿಹೋಗಿಲ್ಲ. ಒಮ್ಮೆ ಕುದಿದ ಆಯಿಲ್ ಬದಲಾಗಬೇಕು.

ಗ್ಯಾರೇಜಿನಲ್ಲಿ

ಗೇಟಿನಿಂದ ಮುಖ್ಯರಸ್ತೆಯವರೆಗೆ, ನೂರಿನ್ನೂರು ಮೀಟರ್ ನಿಧಾನವಾಗಿ ಬಂದು ಲಿವರ್ ಇಳಿಸಿದ್ದರೆ ಏನೂ ಆಗಿಲ್ಲ. ವಾಸನೆಯಿಲ್ಲ, ಕಾವಿಲ್ಲ, ಪೆಡಲ್ ಸರಿಯಿದೆ ಎಂದರೆ ಅದಕ್ಕಾಗಿ ಗ್ಯಾರೇಜಿಗೆ ಓಡಬೇಡಿ. "ನಾಲ್ಕೂ ಚಕ್ರದ ಬ್ರೇಕ್ ಹೊಸದಾಗಿ ಹಾಕಬೇಕು" ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಹೊಗೆ ಅಥವಾ ಗಟ್ಟಿ ವಾಸನೆ ಬಂದಿದ್ದರೆ ಮಾತ್ರ ಡ್ರಮ್ ಬಿಚ್ಚಿಸಲೇಬೇಕು. ಬಿಚ್ಚದೆ ಹೊರಗಿನಿಂದ ಕೇಬಲ್ ಸಡಿಲಿಸಿ ಕಳಿಸುವ ಕೆಲಸ ಒಪ್ಪಬೇಡಿ. ಎದುರಿಗೆ ನಿಂತು ನೋಡಿ: ಲೈನರ್ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಇನ್ನು ಹಿಡಿಯುವುದಿಲ್ಲ, ಬಿರುಕಿದ್ದರೆ ಹೇಳುವುದೇ ಬೇಡ. ಡ್ರಮ್ಮಿನೊಳಗೆ ನೀಲಿ ಕಲೆ ಇದೆಯೇ, ವೀಲ್ ಸಿಲಿಂಡರಿನ ರಬ್ಬರ್ ಒಣಗಿ ಆಯಿಲ್ ಜಿನುಗಿದೆಯೇ, ಬೇರಿಂಗ್ ಗ್ರೀಸ್ ಕರಗಿ ಹೊರಬಂದಿದೆಯೇ ಕೇಳಿ ತಿಳಿಯಿರಿ. ಬ್ರೇಕ್ ಆಯಿಲ್ ಬದಲಾಯಿಸಿ ಗಾಳಿ ತೆಗೆಸಿ. ಏನೂ ಆಗದಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ಕೆಲಸ ಅದು. ಹಿಂದಿನ ಟೈರುಗಳಲ್ಲಿ ಒಂದೇ ಕಡೆ ಚಪ್ಪಟೆಯಾಗಿ ಸವೆದ ಜಾಗವಿದ್ದರೆ ಆ ಚಕ್ರ ತಿರುಗದೆ ಉಜ್ಜಿಕೊಂಡು ಬಂದಿದೆ ಎಂದರ್ಥ.

ಲಿವರ್ ಕಾರಣವಾಗಿರಲಿಲ್ಲ ಎಂದಾದರೆ, ಯಾಕೆ ಕಚ್ಚಿತು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಾರು ತೆಗೆದುಕೊಂಡು ಹೋಗಬೇಡಿ.

ಮಳೆ, ನೆರೆ, ಉದ್ದ ರಜೆ

ಊರಿಗೆ ಹೋಗುವಾಗ ಬೇಸ್‌ಮೆಂಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಡಬೇಡಿ. ತೇವದಲ್ಲಿ ಶೂ ಮತ್ತು ಡ್ರಮ್ ತುಕ್ಕಿನಿಂದ ಅಂಟಿಕೊಳ್ಳುತ್ತವೆ; ಬಂದು ಲಿವರ್ ಇಳಿಸಿದರೂ ಚಕ್ರ ಬಿಡುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ ಕಾರು ಕಂಪನಿಗಳು ಕೊಟ್ಟ ಸಲಹೆಗಳಲ್ಲಿ ಇದೂ ಒಂದು: ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಬೇಡ. 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ, ಬೆಳ್ಳಂದೂರು ಸುತ್ತಮುತ್ತ ಕಾರುಗಳು ನೀರಿನಲ್ಲಿ ನಿಂತದ್ದು ಎಲ್ಲರಿಗೂ ಗೊತ್ತು. ಅಂಥ ಕಾರಿನಲ್ಲಿ ಎಂಜಿನ್ ಒಂದೇ ಅಲ್ಲ, ಡ್ರಮ್ಮನ್ನೂ ಬಿಚ್ಚಿ ಒಣಗಿಸಬೇಕು.

ಅಂಟಿಕೊಂಡಿದೆ ಅನ್ನಿಸಿದರೆ ಮೊದಲ ಗೇರ್, ರಿವರ್ಸ್ ಎರಡರಲ್ಲೂ ಮೆಲ್ಲಗೆ ಒಮ್ಮೊಮ್ಮೆ ಜರುಗಿಸಿ ನೋಡಿ. "ಟಪ್" ಎಂಬ ಸದ್ದಿನೊಂದಿಗೆ ಬಿಟ್ಟರೆ ಸರಿ. ಬಿಡದಿದ್ದರೆ ಆಕ್ಸಿಲರೇಟರ್ ತುಳಿದು ಬಿಡಿಸಲು ಹೋಗಬೇಡಿ. ಹಗ್ಗ ಕಟ್ಟಿ ಎಳೆಸಲೂ ಬೇಡಿ, ಹಿಂದಿನ ಚಕ್ರ ತಿರುಗದೆ ಉಜ್ಜಿಕೊಂಡು ಬರುತ್ತದೆ. ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.

ಸ್ವಿಚ್ಚಿನ ಹ್ಯಾಂಡ್‌ಬ್ರೇಕ್, ಬ್ಯಾಟರಿ ಕಾರು

ಹಲವು ಹೊಸ ಕಾರುಗಳಲ್ಲಿ ಲಿವರ್ ಇಲ್ಲ, ಸ್ವಿಚ್ ಇದೆ. ಆಕ್ಸಿಲರೇಟರ್ ಒತ್ತಿದರೆ ಬ್ರೇಕು ತಾನೇ ಬಿಡುತ್ತದೆ ಎಂದು ಶೋರೂಮಿನಲ್ಲಿ ಹೇಳಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಬೆಲ್ಟ್ ಹಾಕಿ ಬಾಗಿಲು ಮುಚ್ಚಿದ್ದರೆ ಮಾತ್ರ ಬಿಡುತ್ತದೆ ಎಂಬುದನ್ನು ಹೇಳಿರುವುದಿಲ್ಲ. ಬೇಸ್‌ಮೆಂಟಿನಲ್ಲಿ ಬಾಗಿಲು ತೆಗೆದು ಕಂಬ ನೋಡಿಕೊಂಡು ರಿವರ್ಸ್ ತೆಗೆಯುವಾಗ ಕಾರು ಕದಲದಿದ್ದರೆ ಜೋರಾಗಿ ಒತ್ತಬೇಡಿ. ಕಾಲು ಬ್ರೇಕಿನ ಮೇಲಿಟ್ಟು ಸ್ವಿಚ್ ಒತ್ತಿ ಬಿಡಿಸಿ. ಓಡುವಾಗ ಮಕ್ಕಳ ಕೈಗೆ ಆ ಸ್ವಿಚ್ ಸಿಗಬಾರದು. ಬ್ಯಾಟರಿ ಪೂರ್ತಿ ಇಳಿದರೆ ಬಹಳಷ್ಟು ಕಾರುಗಳಲ್ಲಿ ಇದನ್ನು ಬಿಡಿಸಲಾಗುವುದಿಲ್ಲ. ತಳ್ಳಲು ಜನ ಸೇರಿಸುವ ಮೊದಲು ಜಂಪ್‌ಸ್ಟಾರ್ಟ್ ಮಾಡಿಸಿ.

ಲಿವರ್ ಇರುವ ಎಲೆಕ್ಟ್ರಿಕ್ ಕಾರಿನವರು ಇನ್ನೂ ಎಚ್ಚರ ವಹಿಸಬೇಕು. ಎಂಜಿನ್ ಏದುಸಿರು ಬಿಡುವ ಸದ್ದು ಅಲ್ಲಿಲ್ಲ, ಆಫ್ ಆಗುವ ಪ್ರಶ್ನೆಯೂ ಇಲ್ಲ. ಮೋಟರಿನ ಬಲ ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಚಾರ್ಜ್ ಎಂದಿಗಿಂತ ಬೇಗ ಇಳಿಯುತ್ತಿದ್ದರೆ ಎಸಿಯನ್ನು ದೂರುವ ಮೊದಲು ಲಿವರ್ ನೋಡಿ.

ಕಾರು ಕೈ ಬದಲಾಗುವಾಗ

ಗಂಟೆ ಲೆಕ್ಕದ ಡ್ರೈವರ್, ಹೋಟೆಲಿನ ಪಾರ್ಕಿಂಗ್ ಹುಡುಗ, ಕಾರು ತೊಳೆಯುವವರು, ಮನೆಯವರೇ ಇನ್ನೊಬ್ಬರು: ಕೀ ಕೊಡುವಾಗ ಬಾಯಿಬಿಟ್ಟು ಹೇಳಬೇಕು. "ಹ್ಯಾಂಡ್‌ಬ್ರೇಕ್ ಹಾಕಿದೆ, ಫಸ್ಟ್ ಗೇರಲ್ಲಿದೆ ಅಣ್ಣ." ಇಷ್ಟು ಸಾಕು. ತೆಗೆದುಕೊಂಡವರು ತಾವೂ ಒಮ್ಮೆ ಎಳೆದು ಇಳಿಸಿ ನೋಡಬೇಕು. ಬೇರೆಯವರ ಕಾರು ಓಡಿಸುವಾಗ ಅದು ಎಷ್ಟು ಭಾರ ಎಂಬ ಅಂದಾಜು ಇರುವುದಿಲ್ಲ, "ಈ ಗಾಡಿ ಹೀಗೇ ಇರಬೇಕು" ಅಂದುಕೊಳ್ಳುತ್ತೀರಿ. ಅದಕ್ಕೇ ಈ ನಿಯಮ.

ಗೇಟಿನಲ್ಲಿ ನಿಂತವರಿಗೆ: ಕಾರಿನ ಹಿಂದಿನ ಚಕ್ರ ತಿರುಗದೆ ಜಾರುತ್ತಿದ್ದರೆ, ಚಕ್ರದ ಹತ್ತಿರ ಹೊಗೆಯಿದ್ದರೆ, ಮಾಲೀಕರು ಯಾರೇ ಆಗಿರಲಿ ಕೈ ಅಡ್ಡ ಹಾಕಿ ನಿಲ್ಲಿಸಿ. ಸಾರ್ ಬೈಯುತ್ತ ಗಾಜು ಇಳಿಸಿದರೆ "ಹ್ಯಾಂಡ್‌ಬ್ರೇಕ್ ನೋಡಿ ಸಾರ್" ಎನ್ನಿ.

ಅತ್ತಿಬೆಲೆ ರಸ್ತೆಯ ಲಾರಿ, ನೀರಿನ ಟ್ಯಾಂಕರಿನವರಿಗೆ ಈ ಪಾಠ ಹೇಳಬೇಕಾಗಿಲ್ಲ. ಚಹಾಕ್ಕೆ ನಿಂತಾಗ ಚಕ್ರಗಳ ಸುತ್ತ ಒಂದು ಸುತ್ತು ಬಂದು ಕಾವು ನೋಡುವುದು ಹಳೆಯ ಚಾಲಕರ ರೂಢಿ. ಅವರಿಗೆ ಒಂದೇ ಮಾತು: ಗಾಳಿ ಬ್ರೇಕಿನ ಗಾಡಿಯಲ್ಲಿ ಪ್ರೆಶರ್ ಪೂರ್ತಿ ಏರದೆ ಹೊರಡಬೇಡಿ. ಗಾಳಿ ಸಾಲದಿದ್ದರೆ ಸ್ಪ್ರಿಂಗ್ ಬ್ರೇಕು ಅರ್ಧವೇ ಬಿಟ್ಟಿರುತ್ತದೆ, ಲೋಡ್ ಗಾಡಿಯ ಟೈರಿಗೆ ಬೆಂಕಿ ಹತ್ತಲು ಅದು ಸಾಕು.

ಹಾಗೆಂದು ಹಾಕುವುದನ್ನೇ ಬಿಡಬೇಡಿ

ಒಮ್ಮೆ ಬ್ರೇಕು ಸುಟ್ಟವರಲ್ಲಿ ಕೆಲವರು "ಇನ್ನು ಹ್ಯಾಂಡ್‌ಬ್ರೇಕ್ ಸಹವಾಸವೇ ಬೇಡ, ಗೇರಿನಲ್ಲಿ ನಿಲ್ಲಿಸುತ್ತೇನೆ" ಎನ್ನುತ್ತಾರೆ. ಸಮತಟ್ಟಾದ ಬೇಸ್‌ಮೆಂಟಿಗೆ, ಉದ್ದ ರಜೆಗೆ ಅದು ನಡೆಯುತ್ತದೆ. ರ‍್ಯಾಂಪಿನಲ್ಲಿ, ಇಳಿಜಾರು ರಸ್ತೆಯಲ್ಲಿ, ಶಾಲೆ ಮುಂದೆ ನಡೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಹೇಳುವುದೂ ಇದನ್ನೇ: ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಗಾಡಿ ಅಕಸ್ಮಾತ್ ಚಲಿಸದಂತೆ ನೋಡಿಕೊಂಡೇ ಸಾರ್ವಜನಿಕ ಜಾಗದಲ್ಲಿ ಬಿಡಬೇಕು. 2024ರ ಫೆಬ್ರುವರಿ 25ರಂದು ಜಮ್ಮುವಿನ ಕಠುವಾದಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ನಿಲ್ಲಿಸಿದ್ದ ಗೂಡ್ಸ್ ರೈಲು ಚಾಲಕರಿಲ್ಲದೆ ಉರುಳಿ, ಸುಮಾರು 70 ಕಿ.ಮೀ. ದಾಟಿ ಪಂಜಾಬಿನ ಊಂಚಿ ಬಸ್ಸಿಯಲ್ಲಿ ನಿಂತಿತು. ಯಾರೂ ಸಾಯಲಿಲ್ಲ, ಅದು ಅದೃಷ್ಟ. ನಿಮ್ಮ ಬೀದಿಯ ಇಳಿಜಾರು ಅಷ್ಟು ಉದ್ದವಿಲ್ಲದಿರಬಹುದು, ಆದರೆ ಅದರ ಕೊನೆಯಲ್ಲಿ ಶಾಲಾ ವ್ಯಾನಿಗೆ ಕಾಯುವ ಮಕ್ಕಳಿರುತ್ತಾರೆ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ: ಕಾಲಿನ ಬ್ರೇಕ್ ಒತ್ತಿ ಹಿಡಿಯಿರಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾಲು ನಿಧಾನ ತೆಗೆದು ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಿ. ಕದಲಲಿಲ್ಲವೇ? ಈಗ ಮತ್ತೆ ಕಾಲಿಟ್ಟು ಗೇರ್ ಹಾಕಿ: ಮೂತಿ ಏರಿನ ಕಡೆಗಿದ್ದರೆ ಮೊದಲ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್, ಆಟೊಮ್ಯಾಟಿಕ್ ಆದರೆ "ಪಿ". ನೇರವಾಗಿ "ಪಿ"ಗೆ ಹಾಕಿ ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವವರ ಕಾರು ಹೊರಡುವಾಗ "ಠಕ್" ಎಂದು ಒದೆಯುವುದು ಅದರ ಭಾರವೆಲ್ಲ ಗೇರ್‌ಬಾಕ್ಸಿನ ಒಂದು ಸಣ್ಣ ಕೊಂಡಿಯ ಮೇಲೆ ಬಿದ್ದಿರುವುದರಿಂದ.

ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ, ಹೊರಡುವಾಗ ಅದನ್ನು ರಸ್ತೆಯ ನಡುವೆ ಬಿಟ್ಟು ಹೋಗಬೇಡಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಬೈಕುಗಳು ಬರುತ್ತವೆ. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಮರದ ತುಂಡು ಇಟ್ಟುಕೊಳ್ಳಿ, ಕಲ್ಲಿನ ಹಂಗೇ ಬೇಡ.